ಬೆಳ್ಳಿ ಬರೆದ ಬೇಲಿ

ಗಿಡ್ಡಮ್ಮನಿಗೆ ಆ ಹೆಸರಿಟ್ಟವರು ಅವಳು ಬೆಳೆಯುವ ತನಕ ಕಾಯಬೇಕಿತ್ತು. ಗೋಣಿಬೀಡಿನ ಆಚೆಗಿದ್ದ ಆ ಎಸ್ಟೇಟಿನಲ್ಲಿ ಅವಳಷ್ಟು ಎತ್ತರದ ಹೆಂಗಸು ಇನ್ನೊಬ್ಬಳಿರಲಿಲ್ಲ. ಬೇರೆಯವರು ತುದಿಗಾಲಲ್ಲಿ ನಿಂತು, ರೆಂಬೆ ಬಗ್ಗಿಸಿ, ಕೈ ತರಚಿಕೊಂಡು ಕೀಳುವ ಕಾಫಿ ಹಣ್ಣನ್ನು ಅವಳು ನಿಂತಲ್ಲೇ ನಿಂತು, ಎಲೆಅಡಿಕೆ ಜಗಿಯುತ್ತಾ ಬುಟ್ಟಿಗೆ ಹಾಕುತ್ತಿದ್ದಳು. ತನ್ನ ಎತ್ತರದ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಇದ್ದದ್ದಕ್ಕೇ ತಾನೇ ಜಂಬ ಪಟ್ಟದ್ದು.

ಒಂದು ಮಳೆಗಾಲದಲ್ಲಿ ಇಳಿಜಾರಿನಲ್ಲಿ ಜಾರಿ ಬಿದ್ದು ಅವಳ ಮೊಣಕಾಲು ಕೆಟ್ಟಿತು. ನಾಟಿ ವೈದ್ಯರು ಎಣ್ಣೆ ತಿಕ್ಕಿದರು, ಬಿದಿರು ಸೀಳಿ ಕಟ್ಟಿದರು, ಕಾಲು ಮಾತ್ರ ನೆಟ್ಟಗಾಗಲಿಲ್ಲ. ಗುಡ್ಡ ಹತ್ತಲಾಗದವಳನ್ನು ಮನೆಗೆ ಕಳಿಸಲು ಸಾಹುಕಾರ್ ಓಂಕಾರಪ್ಪನವರಿಗೆ ಮನಸ್ಸು ಬರಲಿಲ್ಲ. ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ ಒಂದು ಹುಲ್ಲಿನ ಚಪ್ಪರವಿತ್ತು. ಕೊಯ್ಲಿಗೆ ಹೋಗುವ ಹೆಂಗಸರು ತಮ್ಮ ಎಳೆ ಮಕ್ಕಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ಅವನ್ನು ನೋಡಿಕೋ ಅಂದರು. ಗಿಡ್ಡಮ್ಮನಿಗೆ ಅದು ಕೆಲಸ ಅಂತಲೇ ಅನ್ನಿಸಲಿಲ್ಲ, ಮೂಲೆಗೆ ತಳ್ಳಿದರು ಅನ್ನಿಸಿತು. ಮೊದಲ ದಿನ ಮುಖ ಊದಿಸಿಕೊಂಡು ಮಕ್ಕಳಿಗೆ ಬೆನ್ನು ಹಾಕಿ ಕೂತಳು. ಮಕ್ಕಳು ಬೆನ್ನು ನೋಡಿ ಸುಮ್ಮನಿರುವ ಜಾತಿಯೇ? ಸಂಜೆ ಅವಳು ಕೂಲಿಯವರ ಲೈನಿನ ಮನೆಗೆ ಹೋಗಿ ತುರುಬು ಬಿಚ್ಚಿದರೆ ಅದರ ತುಂಬ ಒಣ ಎಲೆ, ಹುಲ್ಲುಕಡ್ಡಿ, ಒಂದು ಕೋಳಿಪುಕ್ಕ. ಅವಳಿಗೆ ನಗು ತಡೆಯಲಾಗಲಿಲ್ಲ. ಮಾರನೆಯ ದಿನದಿಂದ ಮಕ್ಕಳ ಕಡೆ ತಿರುಗಿ ಕೂತಳು.

ಕೊಯ್ಲಿಗೆ ಮೊದಲು ಕಣವನ್ನು ಸಗಣಿ ಹಾಕಿ ಸಾರಿಸಬೇಕು. ಅದು ಒಣಗಿ ನುಣ್ಣಗಾದ ಮೇಲೆ ಕಾಫಿ ಹರಡುವುದು. ಒದ್ದೆ ಸಗಣಿಯ ನೆಲಕ್ಕೂ ಮಕ್ಕಳ ಬೆರಳಿಗೂ ಅದೇನು ನಂಟೋ, ಗಿಡ್ಡಮ್ಮ ಒಂದು ಗಳಿಗೆ ತೂಕಡಿಸಿದ್ದೇ ತಡ, ಅಷ್ಟೂ ಮಕ್ಕಳು ಕಣದಲ್ಲಿ ಕೂತು ಬೆರಳಾಡಿಸಿದ್ದವು. ಆ ಗೆರೆಗಳು ಹಾಗೇ ಒಣಗಿದವು, ಒಳಗೆ ಕಾಫಿ ಬೀಜ ಸಿಕ್ಕಿಕೊಂಡು ಗುಡಿಸಿದರೂ ಬರಲಿಲ್ಲ. ಲೆಕ್ಕ ಬರೆಯುವ ರೈಟರು ಕೂಗಾಡಿದರು, ನಾಲ್ಕು ಹೆಂಗಸರು ಕಡ್ಡಿ ಹಿಡಿದು ಕೂತು ಬೀಜ ಕೀಳಬೇಕಾಯಿತು. ಗಿಡ್ಡಮ್ಮ ಮಕ್ಕಳಿಗೆ ಬಾಯಿಗೆ ಬಂದ ಹಾಗೆ ಬೈದಳು. ಬೈದು ಮುಗಿದ ಮೇಲೆ, ಮಾರನೆಯ ಬೆಳಿಗ್ಗೆ ಬೇಗ ಬಂದು ಚಪ್ಪರದ ಮುಂದೆ ನಾಲ್ಕು ಚಾಪೆಯಗಲ ನೆಲ ಸಾರಿಸಿದಳು. ಇದು ನಿಮ್ಮ ಕಣ, ಇಲ್ಲಿ ಏನು ಬೇಕಾದರೂ ಗೀಚಿಕೊಳ್ಳಿ, ದೊಡ್ಡ ಕಣದ ಕಡೆ ಬೆರಳು ಹೋದರೆ ಬೆರಳೇ ಇರುವುದಿಲ್ಲ ಅಂದಳು. ಅಂದಿನಿಂದ ಅದು ಮಕ್ಕಳ ಕಣವಾಯಿತು. ದಿನಾ ಬೆಳಿಗ್ಗೆ ಸಾರಿಸುವುದು, ದಿನವೆಲ್ಲ ಮಕ್ಕಳು ಬರೆಯುವುದು, ಮಾರನೆಯ ಬೆಳಿಗ್ಗೆ ಮತ್ತೆ ಸಾರಿಸುವುದು. ತೆಂಗಿನ ಕರಟಗಳಲ್ಲಿ ಕೆಮ್ಮಣ್ಣು, ಬಿಳಿ ಜೇಡಿಮಣ್ಣು, ಕುಟ್ಟಿದ ಇದ್ದಿಲು ಕಲಸಿಟ್ಟರೆ ಅವಕ್ಕೆ ಊಟವೂ ಬೇಡ.

ಅವಳೂ ಮೊದಮೊದಲು ಎಲ್ಲ ದೊಡ್ಡವರ ಹಾಗೆಯೇ. ತನಗೆ ಬರುತ್ತಿದ್ದ ಚುಕ್ಕಿ ರಂಗೋಲಿ ಕಲಿಸಲು ಹೋದಳು. ಸಾಲಾಗಿ ಚುಕ್ಕಿ ಇಟ್ಟು ಸೇರಿಸಿ ಅಂದರೆ, ಮಕ್ಕಳು ಆ ಚುಕ್ಕಿಗಳಿಗೆ ಕಾಲು ಬರೆದು ಇರುವೆ ಮಾಡಿಬಿಟ್ಟವು. ಇನ್ನೊಂದು ದಿನ ಒಬ್ಬ ಪುಟ್ಟನ ಚಿತ್ರ ನೋಡಿ, ನಾಯಿ ಚೆನ್ನಾಗಿ ಬಂದಿದೆ ಕಣೋ ಅಂತ ಮೆಚ್ಚಿದಳು. ಅವನು ಹೋ ಅಂತ ಅಳತೊಡಗಿದ. ಅದು ನಾಯಿಯಲ್ಲ, ಅವನ ಅಜ್ಜಿ. ಆ ಅಜ್ಜಿ ಎರಡು ದಿನ ಗಿಡ್ಡಮ್ಮನ ಹತ್ತಿರ ಮಾತಾಡಲಿಲ್ಲ. ಆಮೇಲೆ ಗಿಡ್ಡಮ್ಮ ಯಾವ ಚಿತ್ರಕ್ಕೂ ತಾನಾಗಿ ಹೆಸರಿಡುವ ಗೋಜಿಗೆ ಹೋಗಲಿಲ್ಲ. ಪಕ್ಕದಲ್ಲಿ ಕೂತು, ಇದರ ಕಥೆ ಹೇಳು ಅನ್ನುತ್ತಿದ್ದಳು. ಹೇಳಿದರೆ ಕೇಳುವುದು, ಹೇಳದಿದ್ದರೆ ಎಲೆಅಡಿಕೆ ಹಾಕಿಕೊಳ್ಳುವುದು.

ಹೀಗೆ ನಡೆಯುತ್ತಿರುವಾಗ, ಯುದ್ಧ ಶುರುವಾದ ವರ್ಷದ ಕೊಯ್ಲಿಗೆ ಕೊಟ್ಟಿಗೆಹಾರದ ಕಡೆಯಿಂದ ತಂಗಮ್ಮ ಅನ್ನುವವಳು ಕೆಲಸಕ್ಕೆ ಬಂದಳು. ಗಂಡನಿಲ್ಲ, ಜೊತೆಗೆ ಒಬ್ಬಳೇ ಮಗಳು ಬೆಳ್ಳಿ. ಬೆಳ್ಳಿಗೆ ಐದು ತುಂಬಿರಬಹುದು. ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತು ಬಾರದು. ಕಣ್ಣು ಮಾತ್ರ ಎರಡಾಳಿನಷ್ಟು ಕೆಲಸ ಮಾಡುತ್ತಿದ್ದವು. ಚಪ್ಪರಕ್ಕೆ ಬಂದ ದಿನವೇ, ಕಣದ ಆಚೆ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನಿಂದ ಬಂದ ಕಾಫಿ ತೊಳೆಯುವ ನೀರಿನ ತೊಟ್ಟಿ ಅವಳ ಕಣ್ಣಿಗೆ ಬಿತ್ತು. ಗಿಡ್ಡಮ್ಮ ಕೂಗಿದಳು, ಮಕ್ಕಳೆಲ್ಲ ಕೂಗಿದವು. ಬೆಳ್ಳಿ ಹಿಂತಿರುಗಿ ನೋಡದೆ ಹೋಗಿ ತೊಟ್ಟಿಯ ಕಟ್ಟೆಯ ಮೇಲೆ ಬಗ್ಗಿ ನಿಂತಳು. ಗಿಡ್ಡಮ್ಮ ಕುಂಟುಗಾಲಿನಲ್ಲಿ ಓಡುವಷ್ಟರಲ್ಲಿ ಕೂಲಿಯಾಳುಗಳ ಮೇಸ್ತ್ರಿ ಬೊಮ್ಮಯ್ಯ ಎಲ್ಲಿಂದಲೋ ಬಂದು ಮಗುವನ್ನು ಎತ್ತಿಕೊಂಡ.

ಬೊಮ್ಮಯ್ಯ ಕೆಟ್ಟವನಲ್ಲ. ಹಿಂದಿನ ವರ್ಷ ಅದೇ ತೊಟ್ಟಿಗೆ ಬಿದ್ದ ಮಗುವೊಂದನ್ನು ಅವನೇ ಧುಮುಕಿ ಮೇಲೆತ್ತಿದ್ದ. ಮಗು ಉಳಿಯಿತು, ಆದರೆ ಬೊಮ್ಮಯ್ಯನ ಎದೆಯಲ್ಲಿ ಕೂತ ಹೆದರಿಕೆ ಹೋಗಿರಲಿಲ್ಲ. ಬೆಳ್ಳಿಯನ್ನು ತಂದು ಚಪ್ಪರದಲ್ಲಿ ಇಳಿಸಿ, ತೊಟ್ಟಿಗೆ ಅಡ್ಡವಾಗಿ ನಿಂತ.

"ಕೂಗಿದ್ರೆ ಕೇಳದಿರೋ ಮಗೀನ ಹೆಂಗೆ ಕಾಯ್ತೀಯ ಗಿಡ್ಡಕ್ಕ? ಸೊಂಟಕ್ಕೊಂದು ಹಗ್ಗ ಹಾಕಿ ಕಂಬಕ್ಕೆ ಕಟ್ಟು," ಅಂದ.

ಗಿಡ್ಡಮ್ಮ ನಾಲ್ಕು ಜನರ ಎದುರು ಅವನಿಗೆ ನೀವು, ಮೇಸ್ತ್ರಿಗಳು ಅನ್ನುತ್ತಿದ್ದವಳು. ಅವತ್ತು ಅದೆಲ್ಲ ಮರೆತುಹೋಯಿತು.

"ಕರೂಗೆ ಹಾಕೋ ಹಗ್ಗಾನ ಮಗೀಗೆ ಹಾಕಕ್ಕೆ ನನ್ನ ಕೈ ಬರಲ್ಲ ಮಾರಾಯ. ನಿನ್ನ ಕೈ ಬಂದ್ರೆ ನೀನೇ ಕಟ್ಟು, ನಾ ನೋಡ್ತೀನಿ."

ಬೊಮ್ಮಯ್ಯ ಹಗ್ಗ ತರಲು ಹೋಗಲಿಲ್ಲ, ಹಟವನ್ನೂ ಬಿಡಲಿಲ್ಲ. ಸಂಜೆ ಇಬ್ಬರೂ ತಂಗಮ್ಮನನ್ನು ಕರೆಸಿದರು. ಕಟ್ಟಿದರೆ ಕಟ್ಟಲಿ ಅಕ್ಕ, ಊರಲ್ಲೂ ಕಟ್ಟಿಯೇ ಕೆಲಸಕ್ಕೆ ಹೋಗುತ್ತಿದ್ದೆ ಅಂದಳು ಅವಳು, ಕೆಳಗೆ ನೋಡುತ್ತಾ. ಆ ಮಾತು ಕೇಳಿದ ಮೇಲೆ ಗಿಡ್ಡಮ್ಮ ಇನ್ನಷ್ಟು ಹಟ ಹಿಡಿದಳು. ಕೊನೆಗೆ ಒಂದು ಒಪ್ಪಂದವಾಯಿತು. ಮುಂದಿನ ಸಂತೆಯವರೆಗೆ ಬೆಳ್ಳಿ ಬಿಡುಬೀಸಾಗಿರಲಿ. ಅಷ್ಟರಲ್ಲಿ ತೊಟ್ಟಿಯ ಕಡೆ ಹೋಗದಂತೆ ಅವಳು ಕಲಿತರೆ ಸರಿ. ಕಲಿಯದಿದ್ದರೆ, ಸಂತೆಯ ಮಾರನೆಯ ದಿನದಿಂದ ಕೊಯ್ಲು ಮುಗಿಯುವವರೆಗೆ ಹಗ್ಗ.

ಗಿಡ್ಡಮ್ಮ ಆ ರಾತ್ರಿ ತಾನು ಏನು ಒಪ್ಪಿಕೊಂಡೆ ಅಂತ ತನ್ನನ್ನೇ ಬೈದುಕೊಂಡಳು. ಕಿವಿ ಕೇಳುವ ಮಕ್ಕಳಿಗೇ ಅವಳ ಮಾತು ತಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ತೊಟ್ಟಿಯ ಕಡೆ ಉದ್ದಕ್ಕೆ ಸುಣ್ಣದ ದಪ್ಪ ಗೆರೆ ಎಳೆದಳು. ಬೆಳ್ಳಿಯ ಕೈ ಹಿಡಿದು ಗೆರೆ ತೋರಿಸಿ, ಕಣ್ಣು ಕೆಕ್ಕರಿಸಿ, ತಲೆ ಆಡಿಸಿದಳು. ಬೆಳ್ಳಿ ನಕ್ಕು, ಎರಡೂ ಕೈ ಚಾಚಿ, ಆ ಗೆರೆಯ ಮೇಲೇ ಒಂದರ ಹಿಂದೊಂದು ಪಾದ ಇಟ್ಟು ನಡೆದಳು. ಉಳಿದ ಮಕ್ಕಳೂ ಹಿಂದೆ ಸಾಲುಗಟ್ಟಿದವು. ಮಾರನೆಯ ದಿನ ಮುಳ್ಳುಕೊಂಬೆ ತಂದು ಅಡ್ಡ ಹಾಕಿದರೆ, ಮಧ್ಯಾಹ್ನದೊಳಗೆ ಅದು ಮಕ್ಕಳ ಆಟದ ಮನೆಗೆ ಸೂರಾಗಿತ್ತು. ಗಿಡ್ಡಮ್ಮನಿಗೆ ಬೆಳ್ಳಿಯ ಹಿಂದೆಯೇ ಓಡಾಡಿ ಓಡಾಡಿ ಮೊಣಕಾಲು ಕುಂಬಳಕಾಯಿಯಷ್ಟು ಊದಿತು.

ಇತ್ತ ಮಕ್ಕಳು ಬೆಳ್ಳಿಯನ್ನು ತಮ್ಮೊಳಗೆ ಸೇರಿಸಿಕೊಂಡುಬಿಟ್ಟಿದ್ದವು. ದೊಡ್ಡವರು ಅಯ್ಯೋ ಪಾಪ ಅನ್ನುವಷ್ಟರಲ್ಲಿ ಮಕ್ಕಳು ಅವಳಿಗೆ ಜಾಗ ಬಿಟ್ಟು, ಜೇಡಿಮಣ್ಣಿನ ಕರಟ ಮುಂದೆ ತಳ್ಳಿ, ಬೆರಳು ಅದ್ದಿ ತೋರಿಸಿ ಆಗಿತ್ತು. ಬೆಳ್ಳಿ ಬರೆದದ್ದು ಬರೀ ಜನ. ಮರವಿಲ್ಲ, ಮನೆಯಿಲ್ಲ, ಕೋಳಿಯಿಲ್ಲ. ಒಬ್ಬರಿಗೆ ಸೊಂಟದಲ್ಲಿ ಬುಟ್ಟಿ, ಒಬ್ಬರಿಗೆ ತಲೆಯ ಮೇಲೆ ಮಳೆಗೆ ಹೊದೆಯುವ ಗೊರಬು, ಒಬ್ಬಳು ತುಂಬ ಎತ್ತರ, ಒಂದು ಕಾಲು ಸೊಟ್ಟ. ಗಿಡ್ಡಮ್ಮ ಅದನ್ನು ಬಹಳ ಹೊತ್ತು ನೋಡಿದಳು. ಯಾವ ಕಥೆಯನ್ನೂ ಕೇಳಬೇಕಾಗಿರಲಿಲ್ಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಅಜ್ಜಿಯ ಚಿತ್ರ ಬರೆದಿದ್ದ ಆ ಪುಟ್ಟ ಓಡಿ ಬರುತ್ತಾ ಬೆಳ್ಳಿಯ ಜನರ ಮೇಲೆ ಕಾಲಿಟ್ಟ. ಬೆಳ್ಳಿ ಅಳಲಿಲ್ಲ, ಹೊಡೆಯಲಿಲ್ಲ. ಅವನ ಕೈ ಹಿಡಿದು ಬಗ್ಗಿಸಿ, ಅವನು ತುಳಿದ ಚಿತ್ರವನ್ನು ಮುಟ್ಟಿಸಿ, ಆ ಕೈಯನ್ನು ಅವನ ಎರಡೂ ಕಣ್ಣಿಗೆ ಒತ್ತಿಸಿದಳು. ಯಾರಿಗಾದರೂ ಕಾಲು ತಾಗಿದರೆ ನಾವೆಲ್ಲ ಮಾಡುವುದೂ ಅದನ್ನೇ ಅಲ್ಲವೇ, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ತಾಯಿ ಮಾಡಿದ್ದನ್ನು ಅವಳು ನೋಡಿ ಕಲಿತಿರಬೇಕು. ಪುಟ್ಟ ಬೆಪ್ಪಾಗಿ ನಿಂತ. ಉಳಿದವು ಕಿಲಕಿಲ ನಕ್ಕವು. ಸಂಜೆಯ ಹೊತ್ತಿಗೆ ಅದು ಮಕ್ಕಳ ಕಣದ ಕಾನೂನೇ ಆಗಿಹೋಯಿತು. ಬರೆದ ನಾಯಿಯನ್ನು ತುಳಿಯಬಹುದು, ಕೋಳಿಯನ್ನು ತುಳಿಯಬಹುದು, ಜನರನ್ನು ತುಳಿಯುವ ಹಾಗಿಲ್ಲ. ಎಲ್ಲರಿಗಿಂತ ಕಟ್ಟುನಿಟ್ಟು ಬೆಳ್ಳಿಯದೇ. ಜನರಿದ್ದ ಕಡೆ ಅವಳು ಸುತ್ತಿಕೊಂಡೇ ಹೋಗುತ್ತಿದ್ದಳು.

ಗಿಡ್ಡಮ್ಮನ ಬಾಯಲ್ಲಿದ್ದ ಎಲೆಅಡಿಕೆ ಹಾಗೇ ನಿಂತಿತು. ಅಷ್ಟರಲ್ಲಿ ಮಕ್ಕಳೇ ಬಂದು, ಜಾಗ ಸಾಲುವುದಿಲ್ಲ, ಇನ್ನೂ ಸಾರಿಸು ಅಂತ ಅವಳ ಸೆರಗು ಜಗ್ಗಿದವು. ಎಲ್ಲಿ ಸಾರಿಸಲಿ ಅಂತ ಕೇಳುವಷ್ಟು ದಡ್ಡಿಯಲ್ಲ ಅವಳು. ಬೆಳಿಗ್ಗೆ ತೊಟ್ಟಿಯ ಕಡೆ, ಚಪ್ಪರದ ಈ ತುದಿಯಿಂದ ಆ ತುದಿಯವರೆಗೆ ಒಂದು ಉದ್ದನೆಯ ಪಟ್ಟಿ ಸಾರಿಸಿ, ಜೇಡಿಮಣ್ಣಿನ ಕರಟ ಇಟ್ಟು, ಬಂದು ತನ್ನ ಜಾಗದಲ್ಲಿ ಕೂತಳು. ಬರೆಯಿರಿ ಅನ್ನಲಿಲ್ಲ, ಏನು ಬರೆಯಬೇಕು ಅಂತಲೂ ಅನ್ನಲಿಲ್ಲ. ಅವು ಕೋಳಿ ಬರೆದರೆ ತನ್ನ ಗತಿಯೇನು ಅಂತ ಕೂತಲ್ಲಿಂದಲೇ ಕತ್ತು ಚಾಚಿ ಚಾಚಿ ನೋಡುತ್ತಿದ್ದಳು.

ಬೆಳ್ಳಿ ಒಂದು ತುದಿಯಲ್ಲಿ ಕೂತು ಬುಟ್ಟಿ ಹೊತ್ತ ಹೆಂಗಸೊಬ್ಬಳನ್ನು ಬರೆದಳು. ಅವಳ ಕೈ ಹಿಡಿದ ಇನ್ನೊಬ್ಬಳು. ಅವಳ ಕೈ ಹಿಡಿದ ಮತ್ತೊಬ್ಬ. ಉಳಿದ ಮಕ್ಕಳು ಆ ತುದಿಯಿಂದ ಹಾಗೇ ಶುರುಮಾಡಿದವು. ಮಧ್ಯಾಹ್ನದ ಗಂಜಿಯ ಹೊತ್ತಿಗೆ ಇಡೀ ಎಸ್ಟೇಟೇ ಕೈಕೈ ಹಿಡಿದು ತೊಟ್ಟಿಗೆ ಅಡ್ಡ ನಿಂತಿತ್ತು. ಮಾರನೆಯ ಬೆಳಿಗ್ಗೆ ಗಿಡ್ಡಮ್ಮ ಅಭ್ಯಾಸಬಲದಿಂದ ಸಗಣಿಯ ಮಂಕರಿ ಹಿಡಿದು ಆ ಕಡೆ ಹೋದರೆ, ಬೆಳ್ಳಿ ಕೈ ಅಗಲಿಸಿ ಎದುರು ನಿಂತಳು. ಬೇರೆಲ್ಲವನ್ನೂ ಸಾರಿಸಬಹುದಿತ್ತು, ಜನರನ್ನು ಮಾತ್ರ ಬಿಡಬೇಕಿತ್ತು.

ಸಂತೆಯ ಮಾರನೆಯ ದಿನ ಬೊಮ್ಮಯ್ಯ ಹೆಗಲ ಮೇಲೆ ಹೊಸ ಹಗ್ಗ ಹಾಕಿಕೊಂಡು ಬಂದ. ಹಣ್ಣಿನ ಬುಟ್ಟಿ ಇಳಿಸಲು ಬಂದಿದ್ದ ತಂಗಮ್ಮ ಅಲ್ಲೇ ನಿಂತಳು. ಗಿಡ್ಡಮ್ಮ ಏನೂ ವಾದಿಸದೆ, ನೀನೇ ನೋಡಿಕೋ ಅಂದಳು. ಬೊಮ್ಮಯ್ಯ ನೆಲದ ಗೀಚುಗಳನ್ನು ನೋಡಿ ಮೂಗು ಮುರಿದ. ಮಣ್ಣಿನ ಗೆರೆ ಮಗುವನ್ನು ತಡೆಯುವುದು ಉಂಟೇ ಅಂದು, ಜೇಬಿನಿಂದ ತೋಟದ ಕಿತ್ತಳೆಯೊಂದನ್ನು ತೆಗೆದು ಬೆಳ್ಳಿಗೆ ತೋರಿಸಿ, ತೊಟ್ಟಿಯ ಕಡೆ ಉರುಳಿಸಿದ.

ಬೆಳ್ಳಿ ಅದರ ಹಿಂದೆ ಓಡಿದಳು. ತಂಗಮ್ಮ ಕಣ್ಣು ಮುಚ್ಚಿಕೊಂಡಳು. ಜನರ ಸಾಲಿನ ಹತ್ತಿರ ಬಂದ ಬೆಳ್ಳಿ ಗಕ್ಕನೆ ನಿಂತಳು. ಆಚೆ ಹೋದ ಕಿತ್ತಳೆ ನೋಡಿದಳು, ಕಾಲ ಬುಡದ ಜನರನ್ನು ನೋಡಿದಳು. ಹಿಂದೆ ತಿರುಗಿ, ನೀನು ಎಸೆದದ್ದು, ನೀನೇ ತಂದುಕೊಡು ಅನ್ನುವ ಹಾಗೆ ಬೊಮ್ಮಯ್ಯನಿಗೆ ಕೈ ತೋರಿಸಿದಳು.

ಬೊಮ್ಮಯ್ಯ ಸುತ್ತಿ ಹೋಗಿ ಕಿತ್ತಳೆ ಎತ್ತಿಕೊಂಡ. ಬರುವಾಗ ನೆಟ್ಟಗೆ ಬಂದು ಅವಳ ಮುಂದೆ ನಿಂತು ಹಣ್ಣು ಚಾಚಿದ. ಬೆಳ್ಳಿ ತೆಗೆದುಕೊಳ್ಳಲಿಲ್ಲ. ಅವನ ಪಾದವನ್ನೇ ನೋಡುತ್ತಿದ್ದಳು. ಅವನೂ ಕೆಳಗೆ ನೋಡಿದ. ಬಲಗಾಲು ಒಬ್ಬನ ಎದೆಯ ಮೇಲಿತ್ತು. ತಟ್ಟನೆ ಕಾಲು ಹಿಂತೆಗೆದು, ಬಗ್ಗಿ, ಆ ಚಿತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಯೋಚಿಸಿ ಮಾಡಿದ್ದಲ್ಲ, ಎಲ್ಲ ಮಾಡಿ ಮುಗಿದ ಮೇಲೇ ಅವನಿಗೆ ತಾನು ಏನು ಮಾಡಿದೆ ಅನ್ನುವುದು ತಿಳಿದದ್ದು. ಎರಡೂ ರೆಪ್ಪೆಯ ಮೇಲೆ ಬಿಳಿ ಜೇಡಿ ಮೆತ್ತಿಕೊಂಡು ನಿಂತ ಮೇಸ್ತ್ರಿಯನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕವು. ತಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು, ಯಾವುದು ಮೊದಲೋ ಗಿಡ್ಡಮ್ಮನಿಗೆ ಗೊತ್ತಾಗಲಿಲ್ಲ. ಗಿಡ್ಡಮ್ಮನ ಕಣ್ಣೂ ಮಂಜಾಗಿದ್ದವು.

"ಯಾರನ್ನ ತುಳಿದೆ ನಾನು?" ಅಂತ ಬೊಮ್ಮಯ್ಯ ಮೆಲ್ಲಗೆ ಕೇಳಿದ.

"ನಿಮ್ಮನ್ನೇ ಮೇಸ್ತ್ರಿ. ಮುಂಡಾಸು ಕಾಣಲ್ವಾ?" ಅಂದ ಪುಟ್ಟ.

ಬೊಮ್ಮಯ್ಯ ಬಗ್ಗಿ ನೋಡಿದ. ಮುಂಡಾಸು, ಕೈಯಲ್ಲಿ ಕೋಲು, ಇನ್ನೊಂದು ಕೈಯನ್ನು ಬುಟ್ಟಿ ಹೊತ್ತ ಹೆಂಗಸು ಹಿಡಿದಿದ್ದಳು. ಅವನು ಕಿತ್ತಳೆಯ ಸಿಪ್ಪೆ ಸುಲಿದು, ಒಂದೊಂದು ತೊಳೆಯನ್ನು ಒಂದೊಂದು ಮಗುವಿನ ಕೈಯಲ್ಲಿಟ್ಟ. ಹಗ್ಗವನ್ನು ಚಪ್ಪರದಲ್ಲೇ ಬಿಟ್ಟುಹೋದ. ಗಿಡ್ಡಮ್ಮ ಅದನ್ನು ಎರಡು ಕಂಬಗಳ ನಡುವೆ ಕಟ್ಟಿ ಮಕ್ಕಳ ಬಟ್ಟೆ ಒಣಹಾಕಿದಳು.

ಮುಂದಿನ ವರ್ಷ ಸಾಹುಕಾರರು ತೊಟ್ಟಿಯ ಸುತ್ತ ಬಿದಿರಿನ ಬೇಲಿ ಹಾಕಿಸಿದರು, ಅದು ಬೇಕಾದದ್ದೇ. ಆದರೂ ಗಿಡ್ಡಮ್ಮ ಪ್ರತಿ ಕೊಯ್ಲಿನಲ್ಲೂ ಆ ಪಟ್ಟಿ ಸಾರಿಸುವುದನ್ನು ಬಿಡಲಿಲ್ಲ, ಮಕ್ಕಳು ಅದರ ಮೇಲೆ ಜನರನ್ನು ಬರೆಯುವುದನ್ನೂ ಬಿಡಲಿಲ್ಲ. ಮೂಟೆ ಹೊತ್ತ ಗಂಡಾಳುಗಳು ಹತ್ತಿರದ ದಾರಿ ಅಂತ ಅದರ ಮೇಲೆ ಹಾಯಲು ಬಂದರೆ, ಗಿಡ್ಡಮ್ಮ ಬಾಯಿ ತೆರೆಯುವ ಮೊದಲೇ ಕಣದ ಆ ಕಡೆಯಿಂದ ಬೊಮ್ಮಯ್ಯನ ದನಿ ಬರುತ್ತಿತ್ತು.

"ಸುತ್ತಿ ಹೋಗ್ರೋ. ಅಲ್ಲಿ ಜನ ಇದಾರೆ."