ವೀಬ್ಕೆ ಹೋಗದ ಪರೀಕ್ಷೆ

ಜರ್ಮನಿಯ ಬ್ರೆಮರ್‌ಹಾಫೆನ್ನಿನಲ್ಲಿ ಸಂಬಳದವರಿಗೆ ತೆರಿಗೆ ಅರ್ಜಿ ತುಂಬಿಕೊಡುವ ಸಂಘವೊಂದರಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಕೂತಿದ್ದೇನೆ. ಜನ ನನ್ನೆದುರು ಗೋಳಾಡುವುದು ಹೊಸದಲ್ಲ. ವೀಬ್ಕೆ ಲೂಡರ್ಸ್ ಮಾತ್ರ ನಗುತ್ತ ಬಂದಳು. ಮೀನಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಆರು ವರ್ಷದ ಕಾಲೇಜು ಓದಿನ ರಸೀದಿಗಳನ್ನು, ರೈಲು ಟಿಕೆಟನ್ನೂ ಬಿಡದೆ, ಕಡತ ಕಟ್ಟಿ ತಂದಿದ್ದಳು.

"ಬೇನ್ ಅವರೇ, ಇದೆಲ್ಲ ನಷ್ಟ ಅಂತ ತೆರಿಗೆ ಕಚೇರಿಯವರು ಒಪ್ಪಿದ್ರೆ ಈ ವರ್ಷ ನಂಗೆ ತೆರಿಗೇನೇ ಇಲ್ಲ. ನಾಲ್ಕು ಜನ ಒಂದೇ ಬಚ್ಚಲಿಗೆ ಸಾಲು ನಿಲ್ಲೋ ಆ ಮನೆ ಬಿಟ್ಟು ಸ್ವಂತಕ್ಕೊಂದು ಮನೆ ಹಿಡೀತೀನಿ."

"ಓದೋಕೆ ಮುಂಚೆ ಕಸುಬು ಏನಾದ್ರೂ ಕಲಿತಿದ್ದೆಯಾ?"

"ಬೇಕರಿ. ಪೂರ್ತಿ ಮೂರು ವರ್ಷ, ಹಾರ್ಮ್ಸ್ ಹತ್ರ."

ನನಗೂ ಖುಷಿಯಾಯಿತು. ನಮ್ಮ ಕಾನೂನು ಹಾಗಿದೆ: ಒಂದು ಕಸುಬು ಕಲಿತು ಮುಗಿಸಿ ಆಮೇಲೆ ಓದಿದವರ ಖರ್ಚನ್ನು ಮುಂದಿನ ಸಂಬಳದಲ್ಲಿ ಕಳೆದು, ಉಳಿದದ್ದಕ್ಕಷ್ಟೇ ತೆರಿಗೆ; ಕಾಲೇಜು ಓದೇ ಮೊದಲ ಕಲಿಕೆಯಾದರೆ, ಸಂಪಾದನೆಯಿಲ್ಲದ ಆ ವರ್ಷಗಳ ಖರ್ಚು ನೀರಿಗೆ ಹಾಕಿದಂತೆ. ಬೇಕರಿ ಕಲಿಕೆಯ ಅಂತಿಮ ಪರೀಕ್ಷೆಯ ಪ್ರಮಾಣಪತ್ರ ಕೊಡು ಎಂದೆ. ಅವಳ ನಗು ನಿಂತಿತು.

ಪರೀಕ್ಷೆಯ ದಿನ, ಬೇಕರಿಗೆ ಜನ ಮುಗಿಬೀಳುವ ಪೆಂಟೆಕೋಸ್ಟ್ ಹಬ್ಬದ ಹಿಂದಿನ ಶುಕ್ರವಾರವಾಗಿತ್ತಂತೆ. ಇನ್ನೊಬ್ಬ ಕೆಲಸಗಾರ ಕಾಯಿಲೆ ಬಿದ್ದಿದ್ದ. "ವೀಬ್ಕೆ, ಈಗ ನನ್ನ ಕೈ ಬಿಟ್ಟು ಹೋಗ್ಬೇಡ ಮಗಳೇ, ಪರೀಕ್ಷೆ ಮತ್ತೆ ಚಳಿಗಾಲಕ್ಕೂ ಇರುತ್ತೆ" ಎಂದಿದ್ದ ಬೇಕರಿಯ ಯಜಮಾನ ಹಾರ್ಮ್ಸ್. ಅವಳು ಒಲೆಯ ಮುಂದೆ ನಿಂತಳು. ನಮ್ಮ ಕಡೆಯ ಹುಡುಗಿಯರಿಗೆ ಯಜಮಾನನಿಗೆ ಇಲ್ಲ ಎನ್ನಲು ಯಾರೂ ಕಲಿಸುವುದಿಲ್ಲ. ಚಳಿಗಾಲ ಬರುವ ಮೊದಲೇ ಹಿಟ್ಟಿನ ಧೂಳಿನಿಂದ ಅವಳಿಗೆ ಉಬ್ಬಸ ಹತ್ತಿತು. ಇನ್ನು ಬೇಕರಿಗೆ ಕಾಲಿಡಬಾರದು ಎಂದರು ವೈದ್ಯರು. ಅವಳು ಓದಲು ಹೋದದ್ದೇ ಅದಕ್ಕೆ.

ಅರ್ಜಿ ಹಾಕಿದೆವು, ತಿರಸ್ಕಾರವಾಯಿತು. ಪರೀಕ್ಷೆ ಪಾಸಾಗದೆ ಕಲಿಕೆ ಮುಗಿದಂತಲ್ಲ. ಅವಳ ಜೊತೆ ಬೇಕರಿ ಕಲಿತು ಆಮೇಲೆ ಕಾಲೇಜಿಗೆ ಹೋದ ಟೋರ್ಬೆನ್‌ನಿಗೆ ಇದೇ ಮೇಜಿನಲ್ಲಿ ನಾನೇ ದುಡ್ಡು ವಾಪಸ್ ಕೊಡಿಸಿದ್ದೆ. ದಿನಕ್ಕೊಂದು ತಟ್ಟೆ ಬ್ರೆಡ್ಡು ಸುಡುತ್ತಿದ್ದವನು, ಆದರೆ ಆ ಶುಕ್ರವಾರ ಪರೀಕ್ಷೆಗೆ ಹೋಗಿದ್ದ.

ಆಕ್ಷೇಪಣೆಗೆ ಒಂದು ತಿಂಗಳಿತ್ತು. "ಹಾರ್ಮ್ಸ್ ಹತ್ರ ಒಂದು ಪತ್ರ ಬರೆಸ್ಕೊಂಡು ಬಾ, ಅವನೇ ತಡೆದ ಅಂತ" ಎಂದೆ. ಪತ್ರದಿಂದ ಕಾನೂನು ಬದಲಾಗದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಿಟ್ಟು ತಡೆಯಲಾರದೆ ಹೇಳಿದೆ, ಆ ಮುದುಕ ಒಮ್ಮೆಯಾದರೂ ಒಪ್ಪಿಕೊಳ್ಳಲಿ ಎಂದು. ಈಗಲೂ ಅದಕ್ಕೆ ನನ್ನನ್ನೇ ಬೈದುಕೊಳ್ಳುತ್ತೇನೆ.

"ಬರೀತಾರೆ. ಅವರಿಗೆ ನಾನಂದ್ರೆ ಮಗಳಿದ್ದಂಗೆ" ಎಂದು ಹೋದಳು.

ವಾರದ ಮೇಲೆ ಬಂದು ಹಾಳೆಯನ್ನು ಮುಂದಿಟ್ಟಳು. ಅಂಗಡಿಯ ಮುದ್ರೆ, ಕೆಳಗೆ ಸಹಿ. 'ವೀಬ್ಕೆ ಲೂಡರ್ಸ್ ನಮ್ಮಲ್ಲಿ ಮೂರು ವರ್ಷ ಶ್ರದ್ಧೆಯಿಂದ ದುಡಿದಳು. ಅಂತಿಮ ಪರೀಕ್ಷೆಗೆ ಸ್ವಂತ ಇಚ್ಛೆಯಿಂದ ಹೋಗಲಿಲ್ಲ.'

"ಅಯ್ಯೋ, ಹಾಳಾದವನೇ!" ಎಂದೆ.

"ತಡೆದೆ ಅಂತ ಬರೆದ್ರೆ ಕೇಸು ಗೀಸು ಆದೀತು ಅಂತ ಅವರ ಮಗ ಹೆದರಿಸಿದ್ನಂತೆ. ಕೊಡುವಾಗ ನನ್ನ ಮುಖ ನೋಡ್ಲಿಲ್ಲ." ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಇದನ್ನ ಕಳಿಸ್ಬೇಡಿ. ಆಕ್ಷೇಪಣೇನೂ ಬೇಡ. ತೆರಿಗೆ ಕಟ್ತೀನಿ."

ನಾನು ಹೂಂ ಎಂದೆ. ಅವಳು ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಅವತ್ತು ನಾನು ಹೋಗಿಬಿಡ್ಬೇಕಿತ್ತು, ಅಲ್ವಾ?"

"ಹೌದು" ಎಂದೆ.