ಹಳ್ಳ ಮುಚ್ಚಿ ತೆಗೆದ ಕಲ್ಲು

ನಾನು ಸಮುದ್ರ ಕಂಡವಳಲ್ಲ. ಆದರೂ ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಬಂದರಿನ ಹೆಸರು ಬರೆಯುವುದೇ ನನ್ನ ಕೆಲಸವಾಗಿತ್ತು. ಕರಿಕಲ್ಲಿನ ದಿಮ್ಮಿಗಳ ಮೇಲೆ, ಬಿಳಿ ಪೇಂಟಿನಲ್ಲಿ, ಅಂಗೈ ಅಗಲದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದೆ. ಮೊದಲು ದಿಮ್ಮಿಯ ನಂಬರು, ಆಮೇಲೆ ಅದರ ಅಳತೆ, ಕೆಳಗೆ ಮದ್ರಾಸು.

ಕಾಮಗೆರೆಯಿಂದ ಹನೂರಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಕ್ಕೆ ನಡೆದರೆ ನಮ್ಮೂರು. ಊರ ಹಿಂದೆ ಒಂದು ಗುಡ್ಡ, ಗುಡ್ಡದ ಕೆಳಗೆ ಕೆರೆ. ಗುಡ್ಡದ ನೀರನ್ನು ಕೆರೆಗೆ ತರುತ್ತಿದ್ದದ್ದು ಒಂದೇ ಒಂದು ಹಳ್ಳ. ನನ್ನ ಅಪ್ಪ ಊರಿನ ನೀರುಗಂಟಿ. ಕೆರೆಯ ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನೋಡಿಕೊಳ್ಳುವುದು ಅವರ ಪಾಲಿಗೆ ಬಂದ ಕೆಲಸ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಹೆಂಗಸು ತೂಬು ಮುಟ್ಟುವುದುಂಟೇ ಎಂದು ಊರಿನ ಹಿರಿಯರು ಜಗಲಿಯ ಮೇಲೆ ಕೂತು ಮಾತಾಡುತ್ತಿರುವಾಗಲೇ ಅವ್ವ ಹೋಗಿ ನೀರು ಬಿಟ್ಟು ಬಂದಳು.

"ನೀವು ಮಾತಾಡಿ ಮುಗ್ಸಿ. ಅಷ್ಟ್ರಲ್ಲಿ ಪೈರು ಒಣಗದು ಬ್ಯಾಡ" ಅಂದಳಂತೆ. ಅವರ ಮಾತು ಮುಗಿಯಲೇ ಇಲ್ಲ. ಅವ್ವ ನೀರುಗಂಟಿಯಾಗಿಯೇ ಉಳಿದಳು.

ನಾನು ಕೊಳ್ಳೇಗಾಲದಲ್ಲಿ ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿ ಬರುವ ಹೊತ್ತಿಗೆ ಗುಡ್ಡದಲ್ಲಿ ಕ್ವಾರಿ ಶುರುವಾಗಿತ್ತು. ನಮ್ಮ ಗುಡ್ಡದ ಕಲ್ಲು ಹೊಳಪು ಕೊಟ್ಟರೆ ಕನ್ನಡಿಯ ಹಾಗಾಗುತ್ತದೆ, ಹೊರದೇಶದವರು ಅದಕ್ಕೆ ಮುಗಿಬೀಳುತ್ತಾರೆ ಅಂತ ಕ್ವಾರಿಯ ಮೇಸ್ತ್ರಿ ಹೇಳಿದಾಗ ನಾವು ನಂಬಲಿಲ್ಲ. ಆ ಕಲ್ಲಿನ ಮೇಲೆ ನಾವು ಬಟ್ಟೆ ಒಗೆಯುತ್ತಿದ್ದೆವು. ಆದರೆ ಇಂಗ್ಲಿಷ್ ಅಕ್ಷರ ದುಂಡಗೆ ಬರೆಯುವವರು ಅವನಿಗೆ ಬೇಕಾಗಿತ್ತು. ನಮ್ಮ ಮನೆ ಬಾಗಿಲಿಗೆ ಬಂದು ಕೇಳಿದ.

"ಬರಿಯೋ ಕೆಲ್ಸ ತಾನೆ, ಓಗು ಕೂಸು" ಅಂದಳು ಅವ್ವ.

ಮೊದಲ ವರ್ಷ ವಾರಕ್ಕೆ ಒಂದು ಲಾರಿ ಬರುತ್ತಿತ್ತು. ಅದನ್ನು ಓಡಿಸುತ್ತಿದ್ದವನು ಸೇಲಂ ಕಡೆಯ, ನಲವತ್ತು ದಾಟಿದ ತಮಿಳಿನವ. ತಂಗಿ ಅನ್ನುವುದಕ್ಕೆ ನನ್ನನ್ನು ತಂಗಚ್ಚಿ ಅನ್ನುತ್ತಿದ್ದ. ನಾನು ಅಕ್ಷರ ಬರೆದು ಪೇಂಟು ಒಣಗುವವರೆಗೆ ಅವನು ಹುಣಸೆ ಮರದಡಿ ಕೂತು ಬಂದರಿನ ಸುದ್ದಿ ಹೇಳುತ್ತಿದ್ದ. ಅಲ್ಲಿ ಹೊಸ ಕಟ್ಟೆ ಕಟ್ಟುತ್ತಿದ್ದಾರೆ, ಮೊದಲು ಎರಡು ಹಡಗು ನಿಲ್ಲುತ್ತಿದ್ದ ಕಡೆ ಈಗ ಐದಾರು ನಿಲ್ಲುತ್ತವೆ, ಆನೆ ಗಾತ್ರದ ಕಲ್ಲನ್ನು ಕ್ರೇನು ನಿಂಬೆಹಣ್ಣಿನ ಹಾಗೆ ಎತ್ತುತ್ತದೆ ಅನ್ನುತ್ತಿದ್ದ.

"ಕಪ್ಪಲ್ ಕಾಯ್ತಾ ನಿಂತಿರ್ತದೆ ತಂಗಚ್ಚಿ" ಅಂದ ಒಮ್ಮೆ. ಹಡಗಿಗೆ ಅವನು ಕಪ್ಪಲ್ ಅನ್ನುತ್ತಿದ್ದ. "ಎಷ್ಟು ಕಲ್ಲು ಕೊಟ್ರೂ ಸಾಲ್ದು ಅಂತಾರೆ."

ಅಲ್ಲಿ ಬಂದರು ಬೆಳೆದಂತೆ ಇಲ್ಲಿ ಗುಡ್ಡ ಕರಗತೊಡಗಿತು. ಎರಡನೇ ವರ್ಷ ದಿನಕ್ಕೊಂದು ಲಾರಿ, ಮೂರನೇ ವರ್ಷ ದಿನಕ್ಕೆ ಮೂರು. ಊರಿನ ಇಪ್ಪತ್ತು ಜನಕ್ಕೆ ಕ್ವಾರಿಯಲ್ಲಿ ಕೆಲಸ ಸಿಕ್ಕಿತು. ಬೇರೆಯವರ ಹೊಲದಲ್ಲಿ ಬಾಗಿ ದುಡಿಯುತ್ತಿದ್ದವರು ಸೈಕಲ್ಲು ತಕ್ಕೊಂಡರು. ನಾನೂ ಅವ್ವನಿಗೆ ಕೊಳ್ಳೇಗಾಲದ ಮಗ್ಗದ ಸೀರೆಯೊಂದನ್ನು ತಂದೆ. ಅವಳು ಅದನ್ನು ಉಟ್ಟು ಒಂದು ಸಲ ಬೀದಿಯ ತುದಿಯವರೆಗೆ ಹೋಗಿ ಬಂದು, ಮಡಚಿ ಪೆಟ್ಟಿಗೆಯಲ್ಲಿಟ್ಟಳು.

ಆ ಸಲ ಭರಣಿ ಮಳೆ ಚೆನ್ನಾಗಿ ಹುಯ್ದಿತು. ಬೆಳಿಗ್ಗೆ ಎದ್ದು ನೋಡಿದರೆ ಕೆರೆಯಲ್ಲಿ ನೀರಿಲ್ಲ. ಒಂದಿಷ್ಟು ಇತ್ತು, ಅದು ಬೂದಿ ಕಲಸಿದ ಹಾಗಿತ್ತು. ದನ ಮೂಸಿ ನೋಡಿ ಹಿಂದೆ ಸರಿದವು. ಅವ್ವ ಹಳ್ಳದ ಗುಂಟ ಗುಡ್ಡ ಹತ್ತಿದಳು. ನಾನು ಕ್ವಾರಿಯ ಶೆಡ್ಡಿನ ಮುಂದೆ ಪೇಂಟು ಕಲಸುತ್ತಿದ್ದಾಗ ಅವಳು ಮೇಲೆ ಬಂದಳು. ಮೊಣಕಾಲಿನವರೆಗೆ ಕೆಸರು. ನನ್ನ ಕಡೆ ನೋಡಲಿಲ್ಲ.

"ಮೇಸ್ತ್ರಿ, ನಮ್ ಅಳ್ಳ ಎಲ್ಲಿ?" ಅಂದಳು.

"ಯಾವ ಅಳ್ಳ ಅಕ್ಕ?"

"ಕೆರಗ ನೀರ್ ತರದು. ನಿನ್ ಕಲ್ ಚೂರಿನ ಅಡಿ ಅದ. ತಗ್ದು ಕೊಡು."

ಮೇಸ್ತ್ರಿ ನಕ್ಕ. "ಒಂದು ದಿಮ್ಮಿ ತಗುದ್ರ ಅದ್ರ ಅತ್ತರಷ್ಟು ಚೂರು ಬತ್ತದ. ಎಲ್ಲಿಗ ಆಕನ ಅಕ್ಕ? ತಲ ಮ್ಯಾಲ ಒತ್ಕನಾ?"

"ಅದ್ನ ಗುಡ್ಡ ಒಡೆಯಕ್ಕ ಮುಂಚೆ ಕೇಳ್ಬೇಕಾಗಿತ್ತು" ಅಂದು ಅವ್ವ ಇಳಿದು ಹೋದಳು.

ನಾನು ಬ್ರಷ್ಷು ಹಿಡಿದು ನಿಂತೇ ಇದ್ದೆ. ಆ ಚೂರು ಬೀಳುತ್ತಿದ್ದದ್ದು ನನ್ನ ಕಣ್ಣ ಮುಂದೆ. ತಳ್ಳುವ ಗಾಡಿಯಲ್ಲಿ ತುಂಬಿ ತಂದು ಇಳಿಜಾರಿಗೆ ಸುರಿಯುತ್ತಿದ್ದರು, ಅದು ಉರುಳಿ ಹಳ್ಳಕ್ಕೆ ಹೋಗುತ್ತಿತ್ತು. ಮೂರು ವರ್ಷ ನೋಡಿದ್ದೆ. ನೀರುಗಂಟಿಯ ಮಗಳಾಗಿ ನೋಡಿರಲಿಲ್ಲ. ಮನೆಗೆ ಬಂದು ನಾನು ಕೆಲಸ ಬಿಡಲೇ ಎಂದು ಕೇಳಿದೆ.

"ನಿನ್ ಕೆಲ್ಸ ನಿಂದು, ನನ್ ಕೆಲ್ಸ ನಂದು" ಅಂದಳು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಹಳ್ಳ ಬಿಡಿಸಿಕೊಡಿ ಎಂದು ಅರ್ಜಿ ಬರೆದುಕೊಟ್ಟವಳು ನಾನೇ. ಅದನ್ನು ಹಿಡಿದು ಇಬ್ಬರೂ ಕೊಳ್ಳೇಗಾಲದ ಒಂದು ಸರ್ಕಾರಿ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತರು ಓದಿ, "ನೀರುಗಂಟಿ ಅಂದರೆ ನಿಮ್ಮ ಯಜಮಾನರಾ? ಅವರನ್ನೇ ಬರೋದಕ್ಕೆ ಹೇಳಿ" ಅಂದರು.

"ಅವ್ರು ಬರಕಾಗಲ್ಲ ಸಾ, ಮಣ್ಣಲ್ಲವ್ರ. ನಾ ಬಂದಿವ್ನಿ, ನನ್ನೇ ಕೇಳಿ" ಅಂದಳು ಅವ್ವ.

ಅವರು ತಬ್ಬಿಬ್ಬಾಗಿ ಅರ್ಜಿ ತೆಗೆದುಕೊಂಡರು. ಒಂದು ತಿಂಗಳು ಕಾದೆವು. ಯಾರೂ ಬರಲಿಲ್ಲ. ಊರಲ್ಲಿ ಸಭೆ ಸೇರಿದಾಗ ಪಂಚಾಯ್ತಿಯ ಹಿರಿಯರೊಬ್ಬರು, ಇಪ್ಪತ್ತು ಮನೆಯ ಒಲೆ ಕ್ವಾರಿಯಿಂದ ಉರಿಯುತ್ತಿದೆ, ಅದನ್ನು ನಿಲ್ಲಿಸಲು ಹೊರಟಿದ್ದೀಯಾ ಎಂದು ಅವ್ವನನ್ನು ಕೇಳಿದರು.

"ನಿಲ್ಸಿ ಅಂದೋರ್ಯಾರು?" ಅಂದಳು ಅವ್ವ. "ಗುಡ್ಡದ ಆಚ ಕಡ ಅಳೇ ಗುಂಡಿ ಅದ, ಅಲ್ಲಿ ಸುರೀರಿ ಅಂತೀವ್ನಿ. ನಾಕ್ ಎಜ್ಜೆ ದೂರ ಆಯ್ತದ ಅಂತ ನಮ್ ಅಳ್ಳದ್ ಬಾಯ್ಗ ಸುರೀತಾವ್ರ. ಕಲ್ಲು ಹಡಗ್ಗ ಓಗ್ಲಿ, ಕೆರ ಇಲ್ಲೇ ಇರ್ಲಿ."

ಕ್ವಾರಿಯಲ್ಲಿ ದುಡಿಯುವ ಗಂಡಸರು ನೆಲ ನೋಡುತ್ತ ಕೂತಿದ್ದರು. ಅವರ ಹೆಂಡಂದಿರು ಅವ್ವನನ್ನು ನೋಡುತ್ತಿದ್ದರು.

ಅದಾಗಿ ನಾಲ್ಕನೇ ದಿನ ಮೇಸ್ತ್ರಿ ಬೆಳಿಗ್ಗೆಯೇ ಬಂದು, ಒಂದು ಹಡಗು ಹೊರಡುವುದಿದೆ, ಮೂರು ಲಾರಿಗೂ ಮಧ್ಯಾಹ್ನದೊಳಗೆ ಅಕ್ಷರ ಮುಗಿಸು ಅಂದು ಕಾಮಗೆರೆಗೆ ಹೋದ. ಆರು ದಿಮ್ಮಿಗಳಿದ್ದವು. ನಾನು ಮೊದಲನೆಯದರ ಮುಂದೆ ಕೂತೆ. ನಂಬರು ಬರೆಯಲಿಲ್ಲ, ಅಳತೆ ಬರೆಯಲಿಲ್ಲ. ಕನ್ನಡದಲ್ಲಿ ಬರೆದೆ: "ನಮ್ಮ ಕೆರೆಯ ಹಳ್ಳ ಮುಚ್ಚಿ ತೆಗೆದ ಕಲ್ಲು." ಮೊದಲ ಅಕ್ಷರ ಸೊಟ್ಟಗಾಯಿತು. ಎರಡನೆಯ ದಿಮ್ಮಿಯ ಹೊತ್ತಿಗೆ ದುಂಡಗೆ ಬಂತು. ಆರರ ಮೇಲೂ ಬರೆದೆ. ಕಲ್ಲು ಹೇರುವ ನಮ್ಮೂರ ಗಂಡಸರು ಓದಿದರು. ಹಾಗೆಯೇ ಹೇರಿದರು.

ಸೇಲಂ ಕಡೆಯ ಚಾಲಕ ಬಂದು ದಿಮ್ಮಿ ನೋಡಿದ. ಅಕ್ಷರ ಬೇರೆಯಾಗಿರುವುದು ಗೊತ್ತಾಯಿತು. ಏನಿದು ಎಂದು ಕೇಳಿದ. ನಾನು ಮುಚ್ಚಿಡದೆ ಹೇಳಿದೆ. ಅವನು ತಲೆಯ ಮೇಲಿನ ಟವೆಲು ತೆಗೆದು ಕೊಡವಿ ಮತ್ತೆ ಸುತ್ತಿಕೊಂಡ.

"ನಂಗೆ ಕನ್ನಡ ಓದಕ್ಕೆ ಬರಲ್ಲ ತಂಗಚ್ಚಿ" ಅಂದ. "ಓದಕ್ಕೆ ಬರದೋನ್ನ ಯಾರ್ ಕೇಳ್ತಾರೆ?" ಲಾರಿ ಹತ್ತಿ ಹೊರಟ. ಉಳಿದ ಎರಡು ಲಾರಿ ಅವನ ಹಿಂದೆ ಹೋದವು.

ಸಂಜೆ ನಾನೇ ಮೇಸ್ತ್ರಿಗೆ ಹೇಳಿದೆ. ಅವನ ಮುಖ ಕಪ್ಪಿಟ್ಟಿತು. ಪೇಂಟಿನ ಡಬ್ಬ ಕಿತ್ತುಕೊಂಡು, ನಾಳೆಯಿಂದ ಬರಬೇಡ ಅಂದ. ಮನೆಗೆ ಹೋಗಿ ಅವ್ವನಿಗೆ ಹೇಳಿದಾಗ ಅವಳು ರಾಗಿ ಮುದ್ದೆ ತಿರುವುತ್ತಿದ್ದಳು. ತಿರುವುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. "ಆರ್ ಕಲ್ ಮ್ಯಾಲೂವಾ?" ಅಂದಳು. ಹೌದು ಅಂದೆ. ನಕ್ಕಳು. ಆ ಭರಣಿ ಮಳೆಯ ನಂತರ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಅವ್ವ ಕೆರೆ ಏರಿಯ ಮೇಲೆ ಹೋಗಿ ಕೂತಳು. ಕ್ವಾರಿಗೆ ಹೋಗುವ ಲಾರಿ ಏರಿಯ ಮೇಲೆಯೇ ಹೋಗಬೇಕು, ಬೇರೆ ದಾರಿಯಿಲ್ಲ. ನಾನು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬಳು ಬಂದಳು, ಸೊಪ್ಪು ಬಿಡಿಸುವ ಮೊರ ಹಿಡಿದು. ಮಧ್ಯಾಹ್ನದ ಹೊತ್ತಿಗೆ ಮೂವತ್ತು ಹೆಂಗಸರಾದೆವು. ಕ್ವಾರಿಯಲ್ಲಿ ದುಡಿಯುವವರ ಹೆಂಡಂದಿರೂ ಇದ್ದರು. ಅದರಲ್ಲಿ ಒಬ್ಬಳ ಗಂಡ ಬಂದು, "ಏಳಮ್ಮಿ, ಕೆಲ್ಸ ಓಯ್ತದ" ಅಂದ. ಅವಳು ಸೊಪ್ಪು ಬಿಡಿಸುತ್ತಲೇ, "ನೀರ್ ಓದ್ ಮ್ಯಾಲ ಕೆಲ್ಸ ಇಟ್ಕಂಡು ಮುದ್ದಗ ಕಲ್ ಚೂರ್ ಕಲುಸ್ಲಾ?" ಅಂದಳು. ಅವನು ಸ್ವಲ್ಪ ದೂರ ಹೋಗಿ, ಏರಿಯ ಅಂಚಿಗೆ ತಾನೂ ಕೂತ.

ಐದು ದಿನ ಲಾರಿ ಹೋಗಲಿಲ್ಲ. ಆರನೆಯ ದಿನ ಚಾಲಕ ಖಾಲಿ ಲಾರಿಯಲ್ಲಿ ಬಂದ. ಏರಿಯ ಈಚೆಯೇ ನಿಲ್ಲಿಸಿ ಇಳಿದು ಬಂದು ಹೇಳಿದ. ನಂಬರಿಲ್ಲದ ಕಲ್ಲನ್ನು ಬಂದರಿನ ಗೇಟಿನೊಳಗೆ ಬಿಡುವುದಿಲ್ಲವಂತೆ. ಯಾರೋ ಕನ್ನಡ ಬಲ್ಲವರನ್ನು ಕರೆಸಿ ಓದಿಸಿದರಂತೆ.

"ಓದಿದ್ಮೇಲೂ ಗೇಟ್ ತೆಗೀಲಿಲ್ಲ" ಅಂದ. "ಕಪ್ಪಲ್ ಹೋಯ್ತು, ಕಲ್ಲು ಗೇಟ್ ಹೊರಗೇ ಉಳೀತು."

ಅವನ ಹಿಂದೆಯೇ ಒಂದು ಕಾರು ಬಂತು. ಅದರಲ್ಲಿದ್ದವರು ಕಲ್ಲು ಕೊಂಡು ಹಡಗಿಗೆ ಹಾಕುವ ವ್ಯಾಪಾರಿಯ ಕಡೆಯವರು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನ ಮಧ್ಯವಯಸ್ಸಿನವರೊಬ್ಬರು. ಹರಕು ಕನ್ನಡ ಬರುತ್ತಿತ್ತು. ಮೇಸ್ತ್ರಿ ಅವರ ಹಿಂದೆ ಕೈಕಟ್ಟಿ ನಿಂತ. ಬರೆದದ್ದು ಯಾರು ಎಂದು ಕೇಳಿದರು. ಎದ್ದು ನಿಂತು, ನಾನು ಅಂದೆ. ಪೊಲೀಸರಿಗೆ ಹೇಳಬಹುದು ಗೊತ್ತಾ ಎಂದರು. ಹೇಳಿ, ನಮ್ಮ ಹಳ್ಳವನ್ನು ಅವರೂ ಬಂದು ನೋಡಲಿ ಅಂದೆ. ಹಾಗೆ ಮಾತಾಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಅವರು ಅವ್ವನ ಕಡೆ ತಿರುಗಿದರು. ಹಡಗು ಯಾರಿಗೂ ಕಾಯುವುದಿಲ್ಲ, ದಾರಿ ಬಿಡಿ ಅಂದರು.

"ಹಡಗು ನಿಲ್ಲಕ್ಕ ನೀರ್ ಬೇಕಲ್ವಾ ಸಾ?" ಅಂದಳು ಅವ್ವ. "ನಮ್ ಎತ್ಗೂ ಬೇಕು. ಬನ್ನಿ ತೋರ್ಸ್ತೀನಿ."

ಅವರು ಬಿಳಿ ಪ್ಯಾಂಟಿನಲ್ಲೇ ಹಳ್ಳದ ಗುಂಟ ಗುಡ್ಡ ಹತ್ತಿದರು. ಅರ್ಧ ದಾರಿಯಲ್ಲಿ ಬೂಟು ಹೂತುಹೋಯಿತು, ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಮೇಲೆ ನಿಂತು ಒಂದು ಸಲ ಹಳ್ಳ, ಒಂದು ಸಲ ಕೆರೆ ನೋಡಿ, ಮೇಸ್ತ್ರಿಯನ್ನು ತಮಿಳಿನಲ್ಲಿ ಬೈದರು. ಅವರು ಒಳ್ಳೆಯತನಕ್ಕೆ ಒಪ್ಪಿದರೋ, ಮುಂದಿನ ಹಡಗಿನ ಅವಸರಕ್ಕೆ ಒಪ್ಪಿದರೋ ನಾನು ಹೇಳಲಾರೆ. ಹಡಗಿಗೇ ಇರಬೇಕು. ನಮಗೇನು, ಒಪ್ಪಿದರು. ಬಾಯಿಮಾತು ಸಾಲದು ಎಂದು ಅವ್ವ ಹಟ ಹಿಡಿದು, ನನ್ನಿಂದಲೇ ಬರೆಸಿ ಅವರ ರುಜು ಹಾಕಿಸಿದಳು. ಚೂರು ಇನ್ನು ಮುಂದೆ ಹಳೇ ಗುಂಡಿಗೆ ಹೋಗಬೇಕು, ಹಳ್ಳವನ್ನು ಅವರ ಖರ್ಚಿನಲ್ಲೇ ಬಿಡಿಸಿಕೊಡಬೇಕು.

ಹಳ್ಳ ಬಿಡಿಸುವುದಕ್ಕೆ ಹೆಚ್ಚು ಕಡಿಮೆ ಒಂದು ತಿಂಗಳು ಹಿಡಿಯಿತು. ಕ್ವಾರಿಯ ಆಳುಗಳ ಜೊತೆ ಊರಿನವರೂ ಮನೆಗೊಬ್ಬರಂತೆ ಇಳಿದೆವು. ತೆಗೆದ ಚೂರನ್ನು ಎಸೆಯದೆ ಹಳ್ಳದ ಎರಡೂ ದಡಕ್ಕೆ ಒತ್ತಾಗಿ ಜೋಡಿಸಿದೆವು. ಅದು ಹೆಂಗಸರ ಆಲೋಚನೆ. ಹಾಗೆ ಕಟ್ಟಿದ ದಡ ಮಳೆಗೆ ಕುಸಿಯುವುದಿಲ್ಲ. ದಡದ ಮೇಲೆ ಹೊಂಗೆ ಸಸಿ ನೆಟ್ಟೆವು. ಸಭೆಯಲ್ಲಿ ಅಡ್ಡ ಮಾತಾಡಿದ್ದ ಪಂಚಾಯ್ತಿಯ ಹಿರಿಯರು ಕೊನೆಯ ವಾರ ಬಂದು ಮಂಕರಿ ಹೊತ್ತರು. ಯಾರೂ ಅವರನ್ನು ಹಂಗಿಸಲಿಲ್ಲ.

ಉತ್ತರೆ ಮಳೆಗೆ ಕೆರೆ ಮುಕ್ಕಾಲು ತುಂಬಿತು. ಕೋಡಿ ಬೀಳಲಿಲ್ಲ. ಏರಿಯ ಹತ್ತಿರದ ಎರಡು ಗದ್ದೆಗಳಿಗೆ ಕಲ್ಲಿನ ಹುಡಿ ಹೊಕ್ಕು ಗಟ್ಟಿಯಾಗಿತ್ತು, ಅಲ್ಲಿ ನಾಲ್ಕು ವರ್ಷ ಏನೂ ಸರಿಯಾಗಿ ಬೆಳೆಯಲಿಲ್ಲ. ಹೋದದ್ದೆಲ್ಲ ಹಿಂದಕ್ಕೆ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ದನ ನೀರು ಕುಡಿದವು.

ನನ್ನ ಜಾಗಕ್ಕೆ ಬಂದಿದ್ದವನ ಅಕ್ಷರ ಮಳೆಗೆ ಇಳಿದು ಗುರುತೇ ಸಿಗುತ್ತಿರಲಿಲ್ಲವಂತೆ. ಮೇಸ್ತ್ರಿ ತಾನೇ ಬಂದು ನನ್ನನ್ನು ಕರೆದ. ವಾರಕ್ಕೊಮ್ಮೆ ಹಳ್ಳ ನೋಡಿ ಬರುತ್ತೇನೆ, ಅದರಲ್ಲಿ ಕ್ವಾರಿಯ ಒಂದು ಚೂರು ಕಂಡರೂ ಆವತ್ತು ಅಕ್ಷರ ಬರೆಯುವುದಿಲ್ಲ ಅಂದೆ. ಎಷ್ಟು ಸೊಕ್ಕು ಈ ಹುಡುಗಿಗೆ ಅಂತ ಊರಲ್ಲಿ ಕೆಲವರು ಆಡಿಕೊಂಡರು. ಆಡಿಕೊಳ್ಳಲಿ. ಎರಡು ಸಲ ಬರೆಯದೆ ಬ್ರಷ್ಷು ಕೆಳಗಿಟ್ಟೆ. ಎರಡು ಸಲವೂ ಸಂಜೆಯೊಳಗೆ ಚೂರು ಎತ್ತಿಸಿದರು.

ಮುಂದಿನ ಬೇಸಿಗೆಯಲ್ಲಿ ಹನೂರಿನ ಆಚೆಯ ಒಂದು ಹಳ್ಳಿಯಿಂದ ಐವರು ಹೆಂಗಸರು ಬಸ್ಸಿಳಿದು ನಡೆದು ಬಂದರು. ಅವರ ಗುಡ್ಡದಲ್ಲೂ ಬೇರೆ ಯಾರೋ ಕ್ವಾರಿ ತೆಗೆದಿದ್ದರು. ನಮ್ಮ ಮನೆಯ ಹಟ್ಟಿಯಲ್ಲಿ ಕೂತು ಮಜ್ಜಿಗೆ ಕುಡಿದು, ನೀವು ಹೇಗೆ ಮಾಡಿದಿರಿ ಎಂದು ಕೇಳಿದರು. ನಾನು ಅರ್ಜಿ, ರುಜು ಅಂತೆಲ್ಲ ವಿವರಿಸಲು ಹೊರಟೆ. ಅವ್ವ ಅಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಿದ್ದಳು.

"ಬಸ್ ಎಷ್ಟೊತ್ಗ?" ಎಂದು ಅವರನ್ನು ಕೇಳಿದಳು. "ಮೊದ್ಲು ನಿಮ್ ಅಳ್ಳ ತೋರ್ಸಿ."