ಬದುವಿನ ಜಗಳದ ಕಾಮಿಕ್ಸು

ಮೊನ್ನೆ ಪಾಂಡವಪುರದಲ್ಲಿ ಬಸ್ಸಿಗೆ ಕಾಯುತ್ತಾ ಮೊಬೈಲು ತೀಡುತ್ತಿದ್ದೆ. ಅದರಲ್ಲಿ ಯಾರೋ ಪುಣ್ಯಾತ್ಮರು ಕೇಳಿದ್ದರು: ‘ಕಾಮಿಕ್ಸಿನಲ್ಲಿ ಯಾವ ಬಗೆಯ ಕಥೆಗಳು ಇನ್ನಷ್ಟು ಬರಬೇಕು?’ ಜನ ಪತ್ತೇದಾರಿ, ಪ್ರೇಮ, ಅಡುಗೆ ಎಂದೆಲ್ಲ ಬರೆದಿದ್ದರು. ಬದುವಿನ ಜಗಳ ಬೇಕೆಂದು ಒಬ್ಬರೂ ಕೇಳಿರಲಿಲ್ಲ. ನನಗೆ ಸಿಟ್ಟೇ ಬಂತು. ಆಕಾಶದಲ್ಲಿ ಹಾರಿ ಲೋಕ ಉಳಿಸಿದವರ ಕಥೆ ಸಾಕಪ್ಪ; ಒಂದು ಗೇಣು ಮಣ್ಣಿಗಾಗಿ ಒಂಬತ್ತು ವರ್ಷ ಮಾತು ಬಿಟ್ಟ ವೀರರನ್ನು ಯಾರು ಬರೆಯಬೇಕು?

ನಾನು ಬರೆದಿದ್ದೇನೆ, ಸ್ವಾಮಿ. ಅಚ್ಚಾಗದ ಆ ಏಕೈಕ ಕೃತಿಗೆ ಓದುಗರು ಮೂವರು.

ಶೀಳನೆರೆಯ ಹತ್ತಿರ ನಮ್ಮ ದೊಡ್ಡಪ್ಪ, ಚಿಕ್ಕಪ್ಪ ಇಬ್ಬರ ಹೊಲಕ್ಕೂ ಒಂದೇ ಬದು. ಅದು ಯಾರ ಕಡೆಗೆ ಸರಿದಿದೆ ಎಂಬ ಮಾತಿಗೆ ಮಾತೇ ನಿಂತುಹೋಗಿತ್ತು. ದೊಡ್ಡಪ್ಪನ ಮಗಳು ಸವಿತಾಳ ಮದುವೆ ಗೊತ್ತಾದಾಗ ಅವಳು ಪಟ್ಟು ಹಿಡಿದಳು: ಚಿಕ್ಕಪ್ಪ ಬಂದು ಚಪ್ಪರದ ಕಂಬ ನೆಡದಿದ್ದರೆ ಹಸೆಮಣೆ ಏರುವುದಿಲ್ಲ. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಿದ್ದವರು ಅವರೇ. ಕೆ.ಆರ್. ಪೇಟೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ನನ್ನ ಹತ್ತಿರ ಬಂದು, “ಅಣ್ಣಾ, ಯೋಳುದ್ರೆ ಇಬ್ರೂ ಕೇಳಾಕಿಲ್ಲ. ಇವ್ರ ಜಗಳನೆಲ್ಲ ಕಾಮಿಕ್ಸ್ ಮಾಡ್ಕೊಡು. ನೋಡ್ಬುಟ್ಟಾದ್ರೂ ನಾಚ್ಕಳ್ಳಿ” ಅಂದಳು.

ಇಪ್ಪತ್ತೈದು ಚೌಕ ಬರೆದೆ. ಬೈಗುಳದ ಒಂದಕ್ಷರವನ್ನೂ ಬಿಡದೆ ಮಾತಿನ ಗುಳ್ಳೆಗಳಲ್ಲಿ ತುಂಬಿದೆ. ನಾಚಿಕೆ ಎಲ್ಲಿ ಬಂತು? ದೊಡ್ಡಪ್ಪ ಕನ್ನಡಕ ಏರಿಸಿ ಯಾರಿಗೆ ಎಷ್ಟು ಚೌಕವೆಂದು ಎಣಿಸಿದರು. “ಅವುನ್ಗೆ ಅದಿಮೂರು, ನಂಗೆ ಅನ್ನೆರಡಾ? ಕಾಗದ್ದಾಗೂ ಒತ್ತುವರಿ ಮಾಡವ್ನಲ್ಲ.”

ಈ ಸುದ್ದಿ ಮುಟ್ಟಿದ್ದೇ ತಡ, ಚಿಕ್ಕಪ್ಪ ಒಂಬತ್ತು ವರ್ಷದ ಮೇಲೆ ಅಣ್ಣನ ಜಗಲಿ ಹತ್ತಿದರು. ಅಣ್ಣನ ಕಡೆ ತಿರುಗಿಯೂ ನೋಡದೆ, “ಎಣಿಸ್ಬುಟ್ರೆ ಆಯ್ತೇನ್ಲಾ? ಅಗಲ ನೋಡ್ಬ್ಯಾಡ್ವಾ? ನನ್ ಚೌಕೆಲ್ಲ ಕಿರಿದು. ಅಳೀಲಿ” ಎಂದು ನನ್ನ ಮೇಲೆ ಹಾರಿದರು.

ಹೊಲ ಅಳೆಯುವ ಉದ್ದನೆಯ ಟೇಪು ಬಂತು. ಹಾಳೆಗಳನ್ನು ಜಗಲಿಯುದ್ದಕ್ಕೂ ಸಾಲಾಗಿ ಹಾಸಿದೆವು. ನನ್ನ ಕೈಗೆ ಟೇಪು ಕೊಡಲು ಇಬ್ಬರಿಗೂ ನಂಬಿಕೆಯಿಲ್ಲ. ಕೊನೆಗೆ ಒಂದು ತುದಿಯನ್ನು ಅವರೇ, ಇನ್ನೊಂದನ್ನು ಇವರೇ ಹಿಡಿದರು.

“ಬಿಗಿಯಾಗಿ ಎಳಿಲಾ” ಅಂದರು ದೊಡ್ಡಪ್ಪ.

“ಎಳ್ದಿವ್ನಿ ಕಣಣ್ಣ” ಅಂದರು ಚಿಕ್ಕಪ್ಪ.

ಮಾತಾಡಿಬಿಟ್ಟೆವೆಂದು ಇಬ್ಬರಿಗೂ ಆಮೇಲೆ ಗೊತ್ತಾಯಿತು. ಟೇಪು ಬಿಡಲೂ ಆಗದೆ, ಹಿಡಿಯಲೂ ಆಗದೆ ಕೂತರು. ಬಾಗಿಲಲ್ಲಿ ಸವಿತಾ ಬಾಯಿಗೆ ವೇಲು ಒತ್ತಿಕೊಂಡು ಅಳುತ್ತಿದ್ದಳು. ಚಿಕ್ಕಪ್ಪ ಅವಳ ಕಡೆ ನೋಡಿ, “ಚಪ್ರ ಯಾವತ್ತವ್ವಾ?” ಎಂದು ಕೇಳಿದರು. ಬಂದು ಕಂಬ ನೆಟ್ಟರು. ಬದುವೇನೂ ಇತ್ಯರ್ಥವಾಗಲಿಲ್ಲ, ಅಂದಿನಿಂದ ಮಾತಾಡಿಕೊಂಡೇ ಜಗಳವಾಡಿದರು, ಹೋದ ವರ್ಷ ದೊಡ್ಡಪ್ಪ ತೀರಿಕೊಳ್ಳುವವರೆಗೂ.

ಇಷ್ಟನ್ನೂ ಆ ಪ್ರಶ್ನೆಗೆ ಉತ್ತರವಾಗಿ ಮೊಬೈಲಿನಲ್ಲಿ ಬರೆಯಹೊರಟಾಗ ಹೊಳೆಯಿತು, ಇಪ್ಪತ್ತೈದು ಚೌಕಗಳಲ್ಲಿ ಒಂದರಲ್ಲೂ ನಾನು ಅಣ್ಣತಮ್ಮಂದಿರನ್ನು ಒಟ್ಟಿಗೆ ಕೂರಿಸಿರಲಿಲ್ಲ. ಅವರನ್ನು ಆಡಿಕೊಂಡು ನಕ್ಕ ನನಗೇ ಅದು ತೋಚಿರಲಿಲ್ಲ. ಉತ್ತರ ಅಲ್ಲಿಗೇ ಬಿಟ್ಟು, ಮನೆಗೆ ಬಂದು ಒಂದು ದೊಡ್ಡ ಚೌಕ ಬರೆದೆ: ಟೇಪಿನ ಎರಡು ತುದಿಗೆ ಇಬ್ಬರು. ಫೋಟೊ ತೆಗೆದು ಸವಿತಾಳಿಗೆ ಕಳಿಸಿದೆ.

ಸಂಜೆ ಅವಳು ಫೋನು ಮಾಡಿದಳು.

“ಚಿಕ್ಕಪ್ಪಂಗೆ ತೋರುಸ್ದೆ ಕಣಣ್ಣ. ಟೇಪು ಅಪ್ಪನ ಕಡೀಕೇ ಜಾಸ್ತಿ ಐತೆ ಅಂದ್ರು. ಅಂದ್ಬುಟ್ಟು ಅತ್ರು.”